ಗೊತ್ತಿರುವುದು ಹಾಳೆಗೆ ಇಳಿಯದಿದ್ದಾಗ: ಮಗನ ಬರವಣಿಗೆ ಮತ್ತು ಆಕ್ಯುಪೇಷನಲ್ ಥೆರಪಿ

ಮೂರನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗನಿಗೆ ಆಕ್ಯುಪೇಷನಲ್ ಥೆರಪಿ, ಅಂದರೆ ಬರೆಯುವುದು, ಉಡುವುದು ಮೊದಲಾದ ದಿನನಿತ್ಯದ ಕೆಲಸಗಳಲ್ಲಿನ ತೊಡಕನ್ನು ತಿದ್ದುವ ಚಿಕಿತ್ಸೆ, ಕೊಡಿಸುವುದೆಂದು ನಾವು ಈ ವರ್ಷ ನಿರ್ಧರಿಸಿದೆವು. ಕಲಬುರಗಿಯಂಥ ಊರಿನಲ್ಲಿ ಈ ನಿರ್ಧಾರಕ್ಕೆ ಬರುವುದು ಸುಲಭವಲ್ಲ. ಅಕ್ಷರ ಸರಿಯಿಲ್ಲವೆಂದು ಮಗುವನ್ನು ಥೆರಪಿಗೆ ಕರೆದೊಯ್ಯುತ್ತಾರೆಂದರೆ ಬಂಧುಗಳಿಗೆ ಅದು ಅತಿರೇಕವೆನಿಸುತ್ತದೆ, ಶಾಲೆಯವರಿಗೆ ದಿನಕ್ಕೊಂದು ಪುಟ ಕಾಪಿ ಬರೆಸಿದರೆ ಮುಗಿಯುವ ವಿಷಯವೆನಿಸುತ್ತದೆ, ಕೆಲವು ಥೆರಪಿ ಕೇಂದ್ರಗಳಿಗೆ ಬಾಗಿಲಿಗೆ ಬಂದ ಮಗುವಿಗೆಲ್ಲ ಥೆರಪಿ ಬೇಕೇ ಬೇಕೆನಿಸುತ್ತದೆ. ಇವುಗಳ ನಡುವೆ ತಂದೆತಾಯಿ ತಾವೇ ಒಂದು ತೀರ್ಮಾನಕ್ಕೆ ಬರಬೇಕಾಗುತ್ತದೆ. ನಾವು ಹೇಗೆ ಬಂದೆವೆಂಬುದನ್ನು, ಇದೇ ಚಿಂತೆಯಲ್ಲಿರುವವರಿಗೆ ನೆರವಾದೀತೆಂದು, ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ನನಗೆ ಸ್ಪಷ್ಟವಾಗಬೇಕಿದ್ದ ಪ್ರಶ್ನೆ, ನಾವು ಯಾವುದಕ್ಕಾಗಿ ಥೆರಪಿಯ ವಿಚಾರ ಮಾಡುತ್ತಿದ್ದೇವೆ ಎಂಬುದು. ನಮ್ಮ ಕಡೆ ದುಂಡಾದ ಅಕ್ಷರಕ್ಕೆ ದೊಡ್ಡ ಮರ್ಯಾದೆ ಇದೆ. ಮುತ್ತು ಪೋಣಿಸಿದಂತೆ ಬರೆಯುವ ಹುಡುಗನನ್ನು ಜಾಣನೆಂದೇ ತಿಳಿಯುತ್ತಾರೆ. ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಕಲಿಸುವ ನನಗೂ ಚೆಂದದ ಅಕ್ಷರವೆಂದರೆ ಪ್ರೀತಿ. ಆದರೆ ಅಕ್ಷರ ಚೆಂದವಿಲ್ಲ ಎಂಬುದೊಂದೇ ಥೆರಪಿಗೆ ಕಾರಣವಾಗಬಾರದು. ಓದಲು ಬರುವಷ್ಟು ಸ್ಪಷ್ಟವಾಗಿ, ತರಗತಿಯ ವೇಗಕ್ಕೆ ತಕ್ಕಷ್ಟು ಬೇಗ, ಕೈ ನೋಯದಂತೆ ಬರೆಯುವ ಮಗುವಿನ ಅಕ್ಷರ ಸೊಟ್ಟಗಿದ್ದರೆ ಇರಲಿ. ಮಗುವಿಗೆ ಗೊತ್ತಿರುವುದಕ್ಕೂ ಅದು ಬರೆದು ತೋರಿಸಬಲ್ಲದ್ದಕ್ಕೂ ನಡುವೆ ದೊಡ್ಡ ಅಂತರವಿದ್ದಾಗ ಮಾತ್ರ ವಿಷಯ ಬೇರೆಯಾಗುತ್ತದೆ. ನಮ್ಮ ಮಗನ ವಿಚಾರದಲ್ಲಿ ಆದದ್ದು ಅದೇ.

ಶಾಲೆಯಿಂದ ಅವನ ತರಗತಿಯವರನ್ನು ಕಲಬುರಗಿಯ ಕೋಟೆ ನೋಡಲು ಕರೆದೊಯ್ದಿದ್ದರು. ಮನೆಗೆ ಬಂದವನು ಊಟಕ್ಕೆ ಕುಳಿತು ತನ್ನ ಮುತ್ಯಾನಿಗೆ, ಅಂದರೆ ಅಜ್ಜನಿಗೆ, ಎಲ್ಲವನ್ನೂ ವಿವರಿಸಿದ: 1347ರಲ್ಲಿ ಬಹಮನಿ ರಾಜ್ಯ ಶುರುವಾದದ್ದು, ಆಮೇಲೆ ರಾಜಧಾನಿ ಬೀದರಿಗೆ ಹೋದದ್ದು, ಕೋಟೆಯೊಳಗಿನ ಜಾಮಿ ಮಸೀದಿಯಲ್ಲಿ ಬೇರೆ ಮಸೀದಿಗಳಂತೆ ತೆರೆದ ಅಂಗಳವಿಲ್ಲದೆ ಇಡೀ ಕಟ್ಟಡಕ್ಕೆ ಚಾವಣಿ ಇರುವುದು, ಬುರುಜಿನ ಮೇಲಿನ ತೋಪು ತನ್ನಂಥ ಎಷ್ಟೋ ಹುಡುಗರು ಸಾಲಾಗಿ ಮಲಗಿದಷ್ಟು ಉದ್ದವಿರುವುದು. ಮರುದಿನ ಪ್ರಬಂಧದ ಪುಸ್ತಕದಲ್ಲಿ ಅವನು ಬರೆದದ್ದು ಎರಡೇ ಸಾಲು: ಕೋಟೆ ದೊಡ್ಡದು, ಅಲ್ಲಿ ಮಸೀದಿ ಇದೆ. ಕೇಳಿದರೆ, “ಮಮ್ಮಿ, ಕೈ ನೋಯಸ್ತದ. ನಾ ಬಾಯಿಲೆ ಹೇಳ್ತೀನಿ, ನೀನೇ ಬರಿ” ಎಂದ. ಉತ್ತರಪತ್ರಿಕೆಗಳ ಮೌಲ್ಯಮಾಪನ ಮಾಡುವವಳಾಗಿ ನನಗೆ ಚೆನ್ನಾಗಿ ಗೊತ್ತಿದೆ: ಬರೆಯದೆ ಬಿಟ್ಟ ಉತ್ತರಕ್ಕೆ ಅಂಕ ಹಾಕಲು ಯಾರಿಗೂ ಬರುವುದಿಲ್ಲ, ಓದಲಾಗದ ಉತ್ತರಕ್ಕೆ ಹಾಕುವುದು ಕಷ್ಟ.

ಆ ಪುಸ್ತಕವನ್ನು ತಿರುವಿ ನೋಡಿದರೆ ತೊಂದರೆ ಕಣ್ಣಿಗೆ ಕಾಣುವಂತಿತ್ತು. ಪೆನ್ಸಿಲ್ಲನ್ನು ಎಷ್ಟು ಒತ್ತಿ ಬರೆದಿದ್ದನೆಂದರೆ ಹಾಳೆಯ ಹಿಂಬದಿಗೆ ಬೆರಳಾಡಿಸಿದರೆ ಅಕ್ಷರಗಳು ಉಬ್ಬಿ ಕೈಗೆ ಹತ್ತುತ್ತಿದ್ದವು. ತಲೆಕಟ್ಟು ಅಕ್ಷರದಿಂದ ಬಿಟ್ಟು ಮೇಲೆಲ್ಲೋ ನಿಂತಿತ್ತು. ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸು, ಕೊಂಬುಗಳ ಮೇಲೆ ಬಿದ್ದು ಯಾವುದು ಯಾವ ಸಾಲಿನದೆಂದು ತಿಳಿಯುತ್ತಿರಲಿಲ್ಲ. ಪುಟದ ಮೊದಲ ಸಾಲು ಓದುವಂತಿದ್ದರೆ ಐದನೆಯ ಸಾಲಿನ ಹೊತ್ತಿಗೆ ಅಕ್ಷರಗಳು ದೊಡ್ಡದಾಗಿ, ಪದಗಳು ಒಂದಕ್ಕೊಂದು ಅಂಟಿಕೊಂಡು, ಬಲತುದಿಗೆ ಬಂದು ಇಳಿಜಾರಾಗಿದ್ದವು. ಕನ್ನಡ ಲಿಪಿ ಪುಟ್ಟ ಕೈಯಿಂದ ಕೇಳುವ ಕೆಲಸ ಕಡಿಮೆಯದಲ್ಲ. ಒಂದೇ ಅಕ್ಷರದೊಳಗೆ ಕೈ ದಿಕ್ಕು ಬದಲಿಸುತ್ತ ಸುತ್ತಬೇಕು, ಪೆನ್ಸಿಲ್ ಎತ್ತಿ ಮತ್ತೆ ಸರಿಯಾದ ಜಾಗಕ್ಕೆ ಇಡಬೇಕು, ಸಾಲಿನ ಮೇಲೂ ಕೆಳಗೂ ಜಾಗ ಉಳಿಸಿಕೊಳ್ಳಬೇಕು. ದ ಮತ್ತು ಧಗಳನ್ನು ಬೇರ್ಪಡಿಸುವುದು ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಇದರ ಜೊತೆಗೆ ಅವನ ಶಾಲೆಯಲ್ಲಿ ಇಂಗ್ಲಿಷ್ ಮತ್ತು ಹಿಂದಿಯೂ ಇವೆ.

ಮನೆಯಲ್ಲಿ ನಮ್ಮ ಅತ್ತೆಯವರ ಮಾತು ಹೀಗಿತ್ತು: “ಇವ್ರಪ್ಪನೂ ಹಂಗೇ ಬರೀತಿದ್ದ. ದೊಡ್ಡಾಂವ ಆದ ಮ್ಯಾಲ ಎಲ್ಲಾ ಸರಿ ಆಗ್ತದ, ನೀ ಯಾಕ ಇಷ್ಟು ಚಿಂತಿ ಮಾಡ್ತಿ?” ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಐದು, ಆರು ವರ್ಷದ ಮಗುವಿನ ವಿಷಯದಲ್ಲಿ ಅದು ಬಹುಮಟ್ಟಿಗೆ ನಿಜ. ಚೌಕ, ತ್ರಿಕೋನಗಳನ್ನು ನೋಡಿ ಬರೆಯುವ ಹಿಡಿತ ಬರುವುದೇ ನಾಲ್ಕೈದು ವರ್ಷದ ಹೊತ್ತಿಗೆ, ಅದಕ್ಕೂ ಮೊದಲು ಕೈಗೆ ಪೆನ್ಸಿಲ್ ಕೊಟ್ಟು ಅಕ್ಷರ ತಿದ್ದಿಸುವ ನರ್ಸರಿಗಳ ಆತುರ ಮಕ್ಕಳ ಕೈಯನ್ನು ಕೆಡಿಸುತ್ತದೆಯೆಂದೇ ನನ್ನ ಅಭಿಪ್ರಾಯ. ಆದರೆ ಎಂಟು ದಾಟಿದ ಮಗು, ಎರಡು ವರ್ಷ ಶಾಲೆಯ ಎಲ್ಲ ಕಾಪಿಗಳನ್ನು ಬರೆದ ಮೇಲೂ ಸಂಗಾತಿಗಳಿಗಿಂತ ತೀರ ಹಿಂದೆ ಉಳಿದಿದ್ದರೆ, ಇನ್ನಷ್ಟು ಕಾಯುವುದಕ್ಕೆ ಬಲವಾದ ಕಾರಣ ಉಳಿಯುವುದಿಲ್ಲ. ಬೆಳವಣಿಗೆಯ ಹಂತದಲ್ಲಿ ಚಲನೆಗಳ ಹೊಂದಾಣಿಕೆ ಕುಂಠಿತವಾಗುವ ಸಮಸ್ಯೆ, ಅಂದರೆ ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್, 5ರಿಂದ 11 ವರ್ಷದ ಮಕ್ಕಳಲ್ಲಿ ನೂರಕ್ಕೆ 5ರಿಂದ 6 ಜನರಿಗೆ ಇರುತ್ತದೆಯೆಂದು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರಕಟಿಸಿದ ಕೈಪಿಡಿ ಹೇಳುತ್ತದೆ. ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು ಎಂದಾಯಿತು. ಅಮೆರಿಕದ್ದೇ ಒಂದು ಅಧ್ಯಯನ 1992ರಲ್ಲಿ ಕಂಡುಕೊಂಡಂತೆ, ಪ್ರಾಥಮಿಕ ಶಾಲೆಯ ದಿನದಲ್ಲಿ ನೂರಕ್ಕೆ 30ರಿಂದ 60ರಷ್ಟು ಸಮಯ ಬೆರಳುಗಳ ಸೂಕ್ಷ್ಮ ಕೆಲಸಕ್ಕೇ ಹೋಗುತ್ತದೆ, ಅದರಲ್ಲಿ ಹೆಚ್ಚಿನದು ಬರವಣಿಗೆ. ನಮ್ಮ ಶಾಲೆಗಳಲ್ಲಿ ಪ್ರಶ್ನೋತ್ತರವನ್ನೆಲ್ಲ ಬೋರ್ಡಿನಿಂದ ಬರೆದುಕೊಳ್ಳುವ ರೂಢಿ ಇರುವುದರಿಂದ ಅದು ಇನ್ನೂ ಹೆಚ್ಚೇ ಇರಬೇಕು.

ಥೆರಪಿಯ ಬಾಗಿಲಿಗೆ ಹೋಗುವ ಮುನ್ನ ಬೇರೆ ಕಾರಣಗಳನ್ನು ನೋಡಿಕೊಳ್ಳುವುದು ಅಗತ್ಯ. ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಬೋರ್ಡು ಮಸುಕಾಗಿ ಕಾಣುವ ಮಗು ಸಾಲು ಬಿಟ್ಟು ಬರೆಯುವುದು ಸಹಜ. ಮಕ್ಕಳ ವೈದ್ಯರು ಕೈಕಾಲುಗಳ ಬಲ, ಕೀಲುಗಳ ಸಡಿಲಿಕೆ ಪರೀಕ್ಷಿಸಿದರು. ಮೊದಲು ಚೆನ್ನಾಗಿ ಬರೆಯುತ್ತಿದ್ದ ಮಗು ಇದ್ದಕ್ಕಿದ್ದಂತೆ ಹದಗೆಟ್ಟರೆ, ಕೈ ನಡುಗಿದರೆ, ಒಂದೇ ಬದಿಯ ಕೈ ಸೋತಂತೆ ಕಂಡರೆ ಥೆರಪಿಗೆ ಮುಂಚೆ ನರರೋಗ ತಜ್ಞರನ್ನು ಕಾಣಲೇಬೇಕೆಂದು ಅವರು ಒತ್ತಿ ಹೇಳಿದರು.

ಇನ್ನೊಂದು ವಿಷಯವನ್ನು ಮನೆಯಲ್ಲೇ ನೋಡಬಹುದು, ಮತ್ತು ಅದು ಬಹಳ ಮುಖ್ಯವಾದದ್ದು: ತೊಂದರೆ ಕೈಯಲ್ಲಿದೆಯೋ ಭಾಷೆಯಲ್ಲಿದೆಯೋ ಎಂಬುದು. ರಟ್ಟಿನ ಮೇಲೆ ಅಕ್ಷರಗಳನ್ನು ಬರೆದು ಬಿಡಿ ಬಿಡಿಯಾಗಿ ಕತ್ತರಿಸಿಟ್ಟುಕೊಂಡು, ಅವನು ಪುಸ್ತಕದಲ್ಲಿ ತಪ್ಪು ಬರೆದ ಪದಗಳನ್ನೇ ಹೇಳಿ ಜೋಡಿಸಲು ಕೇಳಿದೆ. ‘ವಿದ್ಯಾರ್ಥಿ’ಯನ್ನೂ ‘ಸೂರ್ಯ’ನನ್ನೂ ತಪ್ಪಿಲ್ಲದೆ ಜೋಡಿಸಿದ, ಯಾವ ಒತ್ತು ಎಲ್ಲಿ ಬರಬೇಕೆಂದು ಬಾಯಲ್ಲೂ ಹೇಳಿದ. ಪಾಠವನ್ನು ತಡವರಿಸದೆ ಓದುತ್ತಾನೆ. ಅಂದರೆ ಪದ ಅವನ ತಲೆಯಲ್ಲಿ ಸರಿಯಾಗಿಯೇ ಇದೆ, ಕೈಗೆ ಬರುವಾಗ ಕೆಡುತ್ತದೆ. ಜೋಡಿಸುವಾಗಲೂ ಅದೇ ತಪ್ಪುಗಳಾಗಿದ್ದರೆ, ಓದುವುದರಲ್ಲೂ ಹಿಂದಿದ್ದರೆ, ಅಂಥ ಮಗುವಿಗೆ ಮೊದಲು ಬೇಕಾದವರು ಮನಃಶಾಸ್ತ್ರಜ್ಞರು ಮತ್ತು ವಿಶೇಷ ಶಿಕ್ಷಕರು. ಆಕ್ಯುಪೇಷನಲ್ ಥೆರಪಿಯೊಂದನ್ನೇ ನಂಬಿ ವರ್ಷ ಕಳೆದರೆ ಆ ಮಗುವಿಗೆ ನಷ್ಟ. ಎರಡೂ ತೊಂದರೆಗಳು ಒಟ್ಟಿಗಿರುವ ಮಕ್ಕಳೂ ಇದ್ದಾರೆ.

ಇಲ್ಲಿಯ ಒಂದು ಖಾಸಗಿ ಕೇಂದ್ರಕ್ಕೆ ಮೊದಲು ಹೋದೆವು. ಅವನ ನೋಟ್‌ಬುಕ್ಕನ್ನು ತೆರೆದೂ ನೋಡದೆ, ಅವನಿಂದ ಒಂದು ಸಾಲನ್ನೂ ಬರೆಸದೆ, ಮೂರು ತಿಂಗಳ ಪ್ಯಾಕೇಜಿನ ಹಣ ಮುಂಗಡ ಕಟ್ಟಬೇಕೆಂದರು. ಏನು ಮಾಡಿಸುತ್ತೀರೆಂದು ಕೇಳಿದಾಗ ಜಿಮ್ ಬಾಲ್, ಉಯ್ಯಾಲೆ, ಕೈಗೆ ಬ್ರಷ್ ಉಜ್ಜುವುದು, ಜೇಡಿಮಣ್ಣಿನ ಆಟ ಎಂದು ಹೇಳಿದರು. ಬರೆಸುವ ಮಾತು ಅದರಲ್ಲಿ ಎಲ್ಲಿಯೂ ಬರಲಿಲ್ಲ. ನಾವು ಹಣ ಕಟ್ಟಲಿಲ್ಲ. ಆಟ ಮಗುವಿಗೆ ಬೇಕು, ಬೆರಳಿಗೆ ಬಲವೂ ಬೇಕು. ಆದರೆ ಮಣ್ಣು ಕಲಸಿದರೆ ಅಕ್ಷರ ಸುಧಾರಿಸುತ್ತದೆ ಎನ್ನುವುದು, ಹಿಟ್ಟು ನಾದಲು ಬಂದವರಿಗೆಲ್ಲ ಜೋಳದ ರೊಟ್ಟಿ ಬಡಿಯಲು ಬರುತ್ತದೆ ಎಂದಂತೆ. ಇದು ನನ್ನ ಊಹೆಯ ಮಾತಲ್ಲ. ಕೆನಡಾದ ಆಕ್ಯುಪೇಷನಲ್ ಥೆರಪಿ ನಿಯತಕಾಲಿಕದಲ್ಲಿ 2011ರಲ್ಲಿ ಪ್ರಕಟವಾದ ಒಂದು ವಿಮರ್ಶೆ, ಬರವಣಿಗೆ ಸುಧಾರಿಸುವ ಬಗ್ಗೆ ಅಲ್ಲಿಯವರೆಗೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿತು. ಬರೆಯುವ ಅಭ್ಯಾಸವೇ ಇಲ್ಲದ ಚಿಕಿತ್ಸೆಗಳು ಫಲ ಕೊಡಲಿಲ್ಲ; ಬರೆಸಿದರೂ 20 ಸಲಕ್ಕಿಂತ ಕಡಿಮೆ ಅಭ್ಯಾಸ ಇದ್ದಲ್ಲಿಯೂ ಫಲ ಕಾಣಲಿಲ್ಲ. ಈ ಎರಡು ಮಾತುಗಳು ನಮ್ಮ ನಿರ್ಧಾರಕ್ಕೆ ಆಧಾರವಾದವು. ಬರೆಸುವವರನ್ನೇ ಹುಡುಕಬೇಕು, ಶುರು ಮಾಡಿದ ಮೇಲೆ ನಾಲ್ಕು ಸಲ ಹೋಗಿ, ವ್ಯತ್ಯಾಸ ಕಾಣಲಿಲ್ಲವೆಂದು ಬಿಡಬಾರದು.

ಹಾಗಾದರೆ ಯಾರ ಬಳಿ ಹೋಗುವುದು? ಆಕ್ಯುಪೇಷನಲ್ ಥೆರಪಿ ಹಲವು ವರ್ಷದ ಪದವಿ, ಅದರಲ್ಲಿ ಇಂಟರ್ನ್‌ಶಿಪ್ ಕೂಡ ಸೇರಿದೆ. ನಮ್ಮ ರಾಜ್ಯದಲ್ಲಿ ಮಣಿಪಾಲದಲ್ಲಿ ಇದನ್ನು ಕಲಿಸುತ್ತಾರೆ. ಫಿಸಿಯೋಥೆರಪಿ ಬೇರೆ, ಇದು ಬೇರೆ. ಉಡುವುದು, ಉಣ್ಣುವುದು, ಬರೆಯುವುದು, ಆಡುವುದು ಮೊದಲಾದ ದಿನನಿತ್ಯದ ಕೆಲಸಗಳಲ್ಲಿ ಮಗು ಎಲ್ಲಿ ಎಡವುತ್ತದೆಂದು ನೋಡಿ, ಮಗುವಿನ ಕೌಶಲ, ಕೈಯಲ್ಲಿರುವ ಸಾಧನ, ಕೂರುವ ಜಾಗ ಇವೆಲ್ಲವನ್ನೂ ತಿದ್ದುವುದು ಇವರ ಕೆಲಸ. 2021ರಲ್ಲಿ ಕೇಂದ್ರ ಸರ್ಕಾರ ತಂದ ಪೂರಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯ ವ್ಯಾಪ್ತಿಗೆ ಈ ವೃತ್ತಿಯೂ ಬರುತ್ತದೆ. ಆದ್ದರಿಂದ ‘ನಿಮ್ಮ ಪದವಿ ಯಾವುದು’ ಎಂದು ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ. ನಾನು ಕೇಳಿದೆ, ಓದಿದವರು ಸಂತೋಷದಿಂದಲೇ ಹೇಳಿದರು.

ನಮ್ಮ ಭಾಗದಲ್ಲಿ ಈ ಪದವಿ ಪಡೆದವರು ವಿರಳ. ಕಲಬುರಗಿಯಿಂದ ವಾಡಿ, ತಾಂಡೂರು ಮಾರ್ಗವಾಗಿ ಹೈದರಾಬಾದಿಗೆ ರೈಲಿದೆ, ಬೀದರಿನವರಿಗೆ ಆ ಊರು ಇನ್ನೂ ಹತ್ತಿರ. ವಾರವಾರವೂ ಮಗುವನ್ನು ಶಾಲೆ ಬಿಡಿಸಿ ಅಲ್ಲಿಗೆ ಕರೆದೊಯ್ಯುವುದು ನಮಗೆ ಸರಿ ಕಾಣಲಿಲ್ಲ. ಪೂರ್ತಿ ಮೌಲ್ಯಮಾಪನವನ್ನು ಹೈದರಾಬಾದಿನಲ್ಲಿ ಅನುಭವಿ ಥೆರಪಿಸ್ಟ್ ಒಬ್ಬರಿಂದ ಮಾಡಿಸಿ, ಅವರು ಬರೆದುಕೊಟ್ಟ ಗುರಿಗಳ ಪ್ರಕಾರ ಇಲ್ಲಿಯ ಒಬ್ಬ ಥೆರಪಿಸ್ಟ್ ಬಳಿ ವಾರದ ಅಭ್ಯಾಸ ಮಾಡಿಸುವುದೆಂದು ಕೊನೆಗೆ ಒಪ್ಪಿಕೊಂಡೆವು. ಹಣದ ಅನುಕೂಲವಿಲ್ಲದವರು ಸರ್ಕಾರದ ವ್ಯವಸ್ಥೆಯನ್ನು ಮೊದಲು ಕೇಳಿ ನೋಡಬೇಕು. 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಉಚಿತ. ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುವ ತಂಡ ಬೆಳವಣಿಗೆಯ ತೊಂದರೆ ಕಂಡ ಮಕ್ಕಳನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ, ಅಂದರೆ ತೊಂದರೆಯನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಕೇಂದ್ರಕ್ಕೆ, ಕಳಿಸುತ್ತದೆ. ಸಮಗ್ರ ಶಿಕ್ಷಣದಡಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ವಿಶೇಷ ಅಗತ್ಯದ ಮಕ್ಕಳಿಗಾಗಿ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಹಳ್ಳಿಯ ತಂದೆತಾಯಿಗಳಿಗೆ ಈ ಎರಡು ಬಾಗಿಲುಗಳು ಗೊತ್ತೇ ಇರುವುದಿಲ್ಲ, ಅದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಮೌಲ್ಯಮಾಪನ ನಡೆದ ರೀತಿಯನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಒಳ್ಳೆಯ ಥೆರಪಿಸ್ಟ್ ಏನು ನೋಡುತ್ತಾರೆಂದು ತಿಳಿದರೆ ಪೊಳ್ಳು ಮಾತನ್ನು ಗುರುತಿಸುವುದು ಸುಲಭವಾಗುತ್ತದೆ. ಅವರು ಮೊದಲು ಮಾತನಾಡಿಸಿದ್ದು ನನ್ನನ್ನಲ್ಲ, ಅವನನ್ನು: ಬರೆಯುವಾಗ ಯಾವುದು ಕಷ್ಟ, ಯಾವುದು ಸುಧಾರಿಸಿದರೆ ನಿನಗೆ ಖುಷಿ ಎಂದು. ಆಮೇಲೆ ಪುಸ್ತಕದಿಂದ ನೋಡಿ ಬರೆಸಿದರು, ಗೋಡೆಯ ಬೋರ್ಡಿನಿಂದ ಬರೆಸಿದರು, ಹೇಳಿ ಬರೆಸಿದರು, ಅವನದೇ ಮಾತಿನಲ್ಲಿ ಬರೆಯಲು ಬಿಟ್ಟರು. ಅವನು ಬರೆಯುವಾಗ ಅವರ ಕಣ್ಣು ಅಕ್ಷರದ ಮೇಲಿರದೆ ಅವನ ಮೈಮೇಲಿತ್ತು. ಹೆಬ್ಬೆರಳು ತೋರುಬೆರಳನ್ನು ದಾಟಿ ಪೆನ್ಸಿಲ್ಲನ್ನು ಬಿಗಿಯಾಗಿ ಸುತ್ತಿಕೊಂಡಿತ್ತು. ಮಣಿಕಟ್ಟು ಹಾಳೆಗೆ ತಾಗದೆ ಮೇಲೆ ತೇಲುತ್ತಿತ್ತು, ಆದ್ದರಿಂದ ಬೆರಳಿನ ಬದಲು ಇಡೀ ತೋಳು ಚಲಿಸುತ್ತಿತ್ತು. ಎಡಗೈ ಹಾಳೆಯನ್ನು ಹಿಡಿಯದೆ ತೊಡೆಯ ಮೇಲೆ ಬಿದ್ದಿತ್ತು. ಕುರ್ಚಿ ಎತ್ತರವಾಗಿದ್ದರಿಂದ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಕಾಲ ಕೆಳಗೆ ಒಂದು ಮಣೆ ಇಟ್ಟು, ಹಾಳೆಯನ್ನು ಓರೆಯಾಗಿಸಿ, ಎಡಗೈಯನ್ನು ಅದರ ಮೇಲಿಡಿಸಿ ಅದೇ ಸಾಲನ್ನು ಮತ್ತೆ ಬರೆಸಿದಾಗ, ಚಿಕಿತ್ಸೆ ಶುರುವಾಗುವ ಮೊದಲೇ ಸಾಲು ಸ್ವಲ್ಪ ನೆಟ್ಟಗಾಯಿತು. ಪೆನ್ಸಿಲ್ ಹಿಡಿತದ ಬಗ್ಗೆ ಅವರು ಹೇಳಿದ ಮಾತು ನನಗೆ ಹೊಸದಾಗಿತ್ತು: ಮೂರು ಬೆರಳಿನ ಹಿಡಿತವೊಂದೇ ಸರಿಯೆಂಬುದಿಲ್ಲ, ನಾಲ್ಕು ಬೆರಳಿನಲ್ಲಿ ಹಿಡಿದು ಚೆನ್ನಾಗಿ ಬರೆಯುವವರೂ ಇದ್ದಾರೆ, ನೋವು ಕೊಡದ, ಬೆರಳು ಆಡಲು ಬಿಡುವ ಹಿಡಿತವಿದ್ದರೆ ಸಾಕು.

ಗುಂಡಿ ಹಾಕುವುದು, ಶೂ ಲೇಸ್ ಕಟ್ಟುವುದು, ಸೈಕಲ್ ತುಳಿಯುವುದು, ಚೆಂಡು ಹಿಡಿಯುವುದು, ರೊಟ್ಟಿ ಮುರಿದು ಪಲ್ಯ ಹಚ್ಚಿ ತಿನ್ನುವುದು, ಎಲ್ಲವನ್ನೂ ಕೇಳಿದರು. ಲೇಸ್ ಅವನಿಗೆ ಇನ್ನೂ ಬರುವುದಿಲ್ಲ, ಸೈಕಲ್ ಬಹಳ ತಡವಾಗಿ ಬಂತು. ಇಂಗ್ಲಿಷ್ ಅಕ್ಷರಗಳನ್ನು ಆಧರಿಸಿದ ಬರಹದ ಪರೀಕ್ಷೆಗಳು ಕನ್ನಡಕ್ಕೆ ನೇರವಾಗಿ ಹೊಂದುವುದಿಲ್ಲವಾದ್ದರಿಂದ, ಅವನ ಕನ್ನಡ ನೋಟ್‌ಬುಕ್ಕನ್ನೂ ಅವನ ತರಗತಿಯ ಬೇರೆ ಮಕ್ಕಳ ಕೆಲವು ಪುಟಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು.

ಅಂತಿಮವಾಗಿ ಬರೆದುಕೊಟ್ಟ ಗುರಿಗಳು ಬಹಳ ಸಣ್ಣವು, ಅದೇ ಅವುಗಳ ಗುಣ. ಬೋರ್ಡಿನ ಮನೆಕೆಲಸವನ್ನು ಬೆಲ್ ಹೊಡೆಯುವುದರೊಳಗೆ ಬರೆದುಕೊಳ್ಳುವುದು; ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ಇಡುವುದು; ಅರ್ಧ ಪುಟ ಬರೆದರೂ ಕೈ ನೋಯದಿರುವುದು. ಎರಡನೆಯದನ್ನು ಆರಿಸಿದವನು ಅವನೇ. ಮಗುವೇ ಗುರಿ ಆರಿಸಿ, ಹೇಗೆ ಮಾಡುವುದೆಂದು ಯೋಚಿಸಿ, ಮಾಡಿ, ಆಮೇಲೆ ತಾನೇ ಪರಿಶೀಲಿಸುವ ಈ ಕ್ರಮ ಕೆನಡಾದ ಥೆರಪಿಸ್ಟರು ರೂಪಿಸಿದ್ದು. ಇಲ್ಲಿ ಅದನ್ನು ಅವನು ಒಂದೊಂದು ಸಾಲು ಬಿಟ್ಟು ಬರೆಯುವ ಮೂಲಕ ಶುರು ಮಾಡಿದ. ಆ ಉಪಾಯವನ್ನು ಯಾರೂ ಹೇಳಿಕೊಡಲಿಲ್ಲ. ಬರೆದು ಮುಗಿಸಿ, ತನಗೆ ಅತ್ಯಂತ ಸರಿ ಕಂಡ ಒಂದು ಅಕ್ಷರಕ್ಕೆ ತಾನೇ ವೃತ್ತ ಹಾಕುತ್ತಾನೆ. ಮನೆಯಲ್ಲಿ ಅಭ್ಯಾಸ ದಿನಕ್ಕೆ ಹತ್ತು ನಿಮಿಷ ಮಾತ್ರ, ಅದಕ್ಕಿಂತ ಹೆಚ್ಚಿಲ್ಲ. ಶಿಕ್ಷೆಯೆಂದು ಬರೆಸುವ ಕಾಪಿ ಪೂರ್ತಿ ನಿಂತಿದೆ. ತಪ್ಪು ಹಿಡಿತದಲ್ಲಿ ನೂರು ಸಲ ಬರೆದ ಅಕ್ಷರ ತಪ್ಪನ್ನೇ ಗಟ್ಟಿ ಮಾಡುತ್ತದೆ.

ಥೆರಪಿಯ ಜೊತೆಗೇ ಶಾಲೆಯೊಡನೆ ಮಾತನಾಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಕೈ ಸುಧಾರಿಸಲು ತಿಂಗಳುಗಳು ಬೇಕು, ಅಷ್ಟರವರೆಗೆ ಮಗುವಿನ ಕಲಿಕೆ ನಿಲ್ಲಬಾರದು. ಕ್ಲಾಸ್ ಟೀಚರ್ ಅವರನ್ನು ಕಂಡು, ಅವನ ಪುಸ್ತಕವನ್ನೂ ಥೆರಪಿಸ್ಟ್ ಬರೆದ ಪತ್ರವನ್ನೂ ಮುಂದಿಟ್ಟು, ಪ್ರಶ್ನೆಯನ್ನು ಬರೆದುಕೊಳ್ಳದೆ ಉತ್ತರ ಮಾತ್ರ ಬರೆಯಲು ಬಿಡಿ, ಮುಂದಿನ ಬೆಂಚಿನಲ್ಲಿ ಕೂರಿಸಿ, ಪರಿಸರ ಅಧ್ಯಯನವನ್ನು ಕೆಲವೊಮ್ಮೆ ಬಾಯಲ್ಲಿ ಕೇಳಿ ಎಂದು ವಿನಂತಿಸಿದೆವು. “ಒಬ್ಬನಿಗೆ ಬಿಟ್ಟರ ಉಳಿದವರೂ ಕೇಳ್ತಾರ ಮೇಡಂ” ಎಂದರು ಮೊದಲು; ಮೊದಲೆರಡನ್ನು ಒಪ್ಪಿದರು, ಮೂರನೆಯದಕ್ಕೆ ಮುಖ್ಯ ಗುರುಗಳನ್ನು ಕೇಳಬೇಕೆಂದಿದ್ದಾರೆ.

ಕಾನೂನಿನ ಬಲವೂ ಇದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸಿದ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು, ಅದರ ವ್ಯಾಖ್ಯೆಯಲ್ಲಿ ಬರವಣಿಗೆಯ ತೊಂದರೆಯಾದ ಡಿಸ್‌ಗ್ರಾಫಿಯಾ ಮತ್ತು ಚಲನೆಯ ತೊಂದರೆಯಾದ ಡಿಸ್‌ಪ್ರಾಕ್ಸಿಯಾ ಹೆಸರಿಸಲ್ಪಟ್ಟಿವೆ. ಎಸ್ಸೆಸ್ಸೆಲ್ಸಿಯಲ್ಲಿ ನ್ಯೂನತೆಯ ಪ್ರಮಾಣಪತ್ರವುಳ್ಳ ಮಕ್ಕಳಿಗೆ ಹೆಚ್ಚುವರಿ ಸಮಯ ಮತ್ತು ಹೇಳಿದ್ದನ್ನು ಬರೆದುಕೊಡುವ ಲಿಪಿಕಾರರ ಸೌಲಭ್ಯ ಸಿಗುತ್ತದೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ನಾಗರಿಕ ಸೇವಾ ಪರೀಕ್ಷೆಯ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ, ನೂರಕ್ಕೆ 40ರಷ್ಟು ನ್ಯೂನತೆಯ ಮಿತಿ ಮುಟ್ಟದಿದ್ದರೂ ಲಿಪಿಕಾರರನ್ನು ಪಡೆಯುವ ಹಕ್ಕಿದೆಯೆಂದು ತೀರ್ಪಿತ್ತಿತು. ಮಗುವಿಗೆ ಎಂಟು ತುಂಬಿದ ಮೇಲೆ ಪ್ರಮಾಣಪತ್ರ, ಬಳಿಕ 14 ಮತ್ತು 18ನೆಯ ವಯಸ್ಸಿನಲ್ಲಿ ಮರುಪರೀಕ್ಷೆ ಎಂಬುದು 2018ರ ಮಾರ್ಗಸೂಚಿಯಲ್ಲಿದ್ದ ಕ್ರಮ. ನಾವು ಈಗಲೇ ಅರ್ಜಿ ಹಾಕುತ್ತಿಲ್ಲ. ಅಭ್ಯಾಸದಿಂದ ಎಷ್ಟು ಬದಲಾಗುತ್ತದೆಂದು ನೋಡಿ, ಹೈಸ್ಕೂಲಿಗೆ ಹೋಗುವ ಮೊದಲು ಆ ವಿಚಾರ ಮಾಡುತ್ತೇವೆ. ಪ್ರಮಾಣಪತ್ರ ಪಡೆದರೆ ಮಗುವಿಗೆ ಕಳಂಕ ಬರುತ್ತದೆಂಬ ಮಾತನ್ನು ನಾನು ಒಪ್ಪುವುದಿಲ್ಲ, ಬೇಕಾದ ಹೊತ್ತಿಗೆ ಅದನ್ನು ಪಡೆಯಲು ಹಿಂಜರಿಯುವುದೂ ಇಲ್ಲ.

ಸದ್ಯಕ್ಕೆ ಅವನ ಅಕ್ಷರ ಚೆಂದವಾಗಿಲ್ಲ. ಆದರೆ ಮನೆಕೆಲಸವನ್ನು ಹೆಚ್ಚಿನ ದಿನ ಪೂರ್ತಿ ಬರೆದುಕೊಂಡು ಬರುತ್ತಾನೆ, ಪಕ್ಕದ ಮನೆಯ ಹುಡುಗನ ಪುಸ್ತಕ ಕೇಳಲು ಹೋಗುವುದು ಕಡಿಮೆಯಾಗಿದೆ, ಕೈ ನೋವೆಂಬ ಮಾತು ಅಪರೂಪವಾಗಿದೆ. ಒತ್ತಕ್ಷರಗಳು ಸಾಲು ಬಿಟ್ಟು ಬರೆದಾಗ ಸರಿಯಾಗಿ ಕೂರುತ್ತವೆ, ಸಾಲು ಬಿಡದಿದ್ದರೆ ಇನ್ನೂ ಡಿಕ್ಕಿ ಹೊಡೆಯುತ್ತವೆ. ಮುಂದಿನ ಗುರಿ ಅದೇ. ಈ ಸೆಮಿಸ್ಟರ್ ಮುಗಿದ ಮೇಲೆ ಹೈದರಾಬಾದಿನ ಥೆರಪಿಸ್ಟ್ ಅವನ ಹಳೆಯ ಪುಟಗಳನ್ನೂ ಹೊಸ ಪುಟಗಳನ್ನೂ ಹೋಲಿಸಿ ನೋಡುತ್ತಾರೆ. ಗುರಿಗಳು ಮುಟ್ಟಿದ್ದರೆ ವಾರದ ಥೆರಪಿಯನ್ನು ನಿಲ್ಲಿಸಿ ಮನೆಯ ಹತ್ತು ನಿಮಿಷವನ್ನು ಮಾತ್ರ ಉಳಿಸಿಕೊಳ್ಳುವುದೆಂದೂ, ಮುಟ್ಟದಿದ್ದರೆ ಐದನೆಯ ತರಗತಿಯಿಂದ ಕನ್ನಡ ಟೈಪಿಂಗನ್ನು ಜೊತೆಗೆ ಕಲಿಸುವುದೆಂದೂ ಮೊದಲೇ ಮಾತಾಗಿದೆ.